ಹಾಸನದ ಬೋರಿಂಗ್ ಅಂಗಡಿ: ಅಳತೆ ಪಕ್ಕಾ, ತೊಳೆಯೋದು ಅರ್ಧಂಬರ್ಧ

ಮಾರುತಿ 800ರ ಹಳೇ ಮೂರು ಸಿಲಿಂಡರ್ ಬ್ಲಾಕನ್ನು ಪಿಸ್ಟನ್, ಕನೆಕ್ಟಿಂಗ್ ರಾಡ್ ಸಮೇತ ಹಾಸನದ ಈ ಅಂಗಡಿಗೆ, ಸವೆದ ಸಿಲಿಂಡರ್ ಕೊರೆಸಲು (ಬೋರಿಂಗ್) ಕೊಡುವವರು ಕೆಲವು ವಿಷಯ ತಿಳಿದಿರಬೇಕು.

ಮೊದಲು ಮೆಚ್ಚುವಂಥದ್ದು. ಪ್ರತಿ ಬೋರನ್ನೂ, ಅಂದರೆ ಪಿಸ್ಟನ್ ಓಡಾಡುವ ತೂತನ್ನೂ, ಮೇಲೆ, ನಡುವೆ, ಕೆಳಗೆ ಎರಡೆರಡು ದಿಕ್ಕಿಗೆ ಅಳೆದು ಆರು ರೀಡಿಂಗ್ ಚೀಟಿಯಲ್ಲಿ ಬರೆದುಕೊಡುತ್ತಾರೆ. ಸವೆತ ಜಾಸ್ತಿ ಇರೋದು ಪಿಸ್ಟನ್ನಿನ ಮೊದಲ ರಿಂಗ್ (ಟಾಪ್ ರಿಂಗ್) ಮೇಲಕ್ಕೆ ಹೋಗಿ ನಿಲ್ಲುವ ಜಾಗದಲ್ಲಿ. ನಡುವೆ ಮಾತ್ರ ಗೇಜ್ ಇಟ್ಟು ‘ಬರೀ ರಿಂಗ್ ಹಾಕಿದ್ರೆ ಸಾಕು’ ಅನ್ನುವವರು ಊರಲ್ಲಿ ಕಡಿಮೆಯೇನಿಲ್ಲ. ಸ್ಟ್ಯಾಂಡರ್ಡ್ ಬೋರ್ 68.5 ಮಿ.ಮೀ.; ಕೊರೆದು 0.50 ದೊಡ್ಡದು ಮಾಡಿದರೆ (ಓವರ್‌ಸೈಜ್) 69. ಆದರೂ ಹೊಸ ಪಿಸ್ಟನ್ ಕೈಗೆ ಬರೋವರೆಗೆ ಇವರು ಬ್ಲಾಕ್ ಮುಟ್ಟೋದಿಲ್ಲ. ಅದೇ ಸರಿ. ಪಿಸ್ಟನ್ನಿನ ಸ್ಕರ್ಟ್ (ಕೆಳಭಾಗ) ಅಳೆದು, ಅದಕ್ಕೂ ಬೋರಿಗೂ ನಡುವೆ ಬೇಕಾದ ಸಂದು ಸೇರಿಸಿ ಕೊರೆಯಬೇಕು, ಡಬ್ಬದ ಮೇಲಿನ ನಂಬರ್ ನೋಡಿಕೊಂಡಲ್ಲ. ಸಂದು ಕಮ್ಮಿಯಾದರೆ ಶಿರಾಡಿ ಘಾಟಿ ಹತ್ತುವಾಗ ಪಿಸ್ಟನ್ ಹಿಗ್ಗಿ ಹಿಡಿದುಕೊಳ್ಳುತ್ತೆ. ಜಾಸ್ತಿಯಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಕಟಕ. ರಾಡ್ ಬಾಗಿದೆಯೋ ತಿರುಚಿದೆಯೋ ಅನ್ನೋದನ್ನೂ ಕೇಳದೆಯೇ ನೋಡುತ್ತಾರೆ.

ಎಡವೋದು ತೊಳೆಯುವಲ್ಲಿ. ಹೋನಿಂಗ್ (ಕೊರೆದ ಬೋರನ್ನು ಕಲ್ಲಿನಿಂದ ಉಜ್ಜಿ ಸಣ್ಣ ಗೆರೆ ಮೂಡಿಸೋದು) ಆದಮೇಲೆ ಡೀಸೆಲ್‌ನಲ್ಲಿ ಬ್ರಷ್ ಆಡಿಸಿ, ಗಾಳಿ ಹೊಡೆದು ಕೊಟ್ಟುಬಿಡುತ್ತಾರೆ. ಡೀಸೆಲ್ ಜಿಡ್ಡು ಬಿಡಿಸುತ್ತೆ, ಗೆರೆಗಳಲ್ಲಿ ಕೂತ ಕಲ್ಲಿನ ಪುಡಿ ಬಿಡಿಸಲ್ಲ. ಹೊಸ ರಿಂಗು, ಬೇರಿಂಗು ಎರಡನ್ನೂ ತಿನ್ನೋದು ಆ ಪುಡಿಯೇ. ಮನೆಗೆ ತಂದಮೇಲೆ ಬಿಸಿನೀರು, ಸೋಪಿನ ಪುಡಿ, ನೈಲಾನ್ ಬ್ರಷ್ ಹಿಡಿದು ತಿಕ್ಕಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದಿಬಣ್ಣ ಬರಬಾರದು. ಒಣಗಿದ ತಕ್ಷಣ ಎಂಜಿನ್ ಆಯಿಲ್ ಸವರಿ. ಸಕಲೇಶಪುರದ ಕಡೆಯವರಿಗೆ ಮಳೆಗಾಲದ ತುಕ್ಕಿನ ಬಗ್ಗೆ ಹೇಳಬೇಕಾಗಿಲ್ಲ.

ಇನ್ನೊಂದು ದೂರು, ರಾಡ್ ಕ್ಯಾಪುಗಳನ್ನೆಲ್ಲ (ರಾಡಿನ ದೊಡ್ಡ ತುದಿಯಲ್ಲಿ ಬಿಚ್ಚಿ ಬರುವ ಅರ್ಧ) ಒಂದೇ ಟ್ರೇಗೆ ಸುರಿಯೋದು. ಕ್ಯಾಪು, ರಾಡು ಜೋಡಿಯಾಗಿಯೇ ಕೊರೆದವು. ಅದಲುಬದಲಾದರೆ ತೂತು ದುಂಡಗೆ ಉಳಿಯಲ್ಲ, ಬೇರಿಂಗ್ ಬೇಗ ಹೋಗುತ್ತೆ. ಬಿಚ್ಚುವ ಮೊದಲೇ ಎರಡಕ್ಕೂ ಒಂದೇ ಪಕ್ಕದಲ್ಲಿ 1, 2, 3 ಗುರುತು ಹಾಕಿ ಕೊಡಿ.

ಜೋಡಣೆಗೆ ನೀವೇ ಕೂರುವುದಾದರೆ ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ಸಮ ಮಾಡಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ. ಈ ಬೋರಿಗೆ ಟಾಪ್ ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ 0.2ರಿಂದ 0.3 ಮಿ.ಮೀ. ಒಳಗಿದ್ದರೆ ಒಳ್ಳೆಯದು. ರಾಡ್ ಬೋಲ್ಟುಗಳಿಗೆ ರಬ್ಬರ್ ಪೈಪಿನ ತುಂಡು ತೊಡಿಸದೆ ಪಿಸ್ಟನ್ ತಳ್ಳಬೇಡಿ. ಬೋಲ್ಟಿನ ಥ್ರೆಡ್, ರಾಡ್ ಕೂರುವ ಕ್ರ್ಯಾಂಕ್ ಪಿನ್ನಿಗೆ ತಾಗಿ ಒಂದು ಗೀರು ಬಿದ್ದರೂ ಮತ್ತೆ ಇದೇ ಅಂಗಡಿಗೆ, ಈ ಸಲ ಕ್ರ್ಯಾಂಕ್ ಗ್ರೈಂಡಿಂಗಿಗೆ.