ಕಾರವಾರಕ್ಕೆ ವರ್ಗವಾದರೆ: ಕೇಂದ್ರೀಯ ವಿದ್ಯಾಲಯವೋ, ಹತ್ತಿರದ ಕನ್ನಡ ಶಾಲೆಯೋ?

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಎರಡು-ಮೂರು ವರ್ಷಕ್ಕೆ ಮತ್ತೆ ಗಂಟುಮೂಟೆ ಕಟ್ಟಬೇಕಾ, ಇಲ್ಲೇ ಇರ್ತೀರಾ?

ಮತ್ತೆ ಹೊರಡುವವರಾದರೆ, ಅದರಲ್ಲೂ ನೌಕಾನೆಲೆಯಂಥ ಕಡೆ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದರೆ, ಕೇಂದ್ರೀಯ ವಿದ್ಯಾಲಯವೇ ಸರಿ. ವರ್ಗವಾಗುವ ಕೇಂದ್ರ ನೌಕರರ ಮಕ್ಕಳಿಗೆ ಅಲ್ಲಿ ಆದ್ಯತೆ ಇದೆ. ಊರು ಬದಲಾದರೂ ಪಠ್ಯಕ್ರಮ ಬದಲಾಗಲ್ಲ. ಉಳಿದವರು ಅದೊಂದನ್ನೇ ನಂಬಿ ಕೂರಬೇಡಿ. ತರಗತಿ ಏಪ್ರಿಲ್‌ನಲ್ಲೇ ಶುರುವಾಗುತ್ತೆ, ಅದೂ ನೆನಪಿರಲಿ.

ಇಲ್ಲೇ ನೆಲೆ ನಿಲ್ಲುವವರಿಗೆ ನಾನು ಹೇಳೋದು ಹತ್ತಿರದ ಸರ್ಕಾರಿ ಕನ್ನಡ ಶಾಲೆ. ಪಠ್ಯಪುಸ್ತಕ ಉಚಿತ, 10ನೇ ತರಗತಿವರೆಗೂ ಬಿಸಿಯೂಟ. ಶಿರಸಿಯಿಂದ ಬಂದಾಗ ನಮ್ಮ ಮಗಳು, ಆಟದ ಹೊತ್ತಲ್ಲಿ ಕೊಂಕಣಿ ಮಾತಾಡುವ ಮಕ್ಕಳ ನಡುವೆ ಒಂದು ವಾರ ಸುಮ್ನೆ ಕೂತಿದ್ದಳು, ಆಮೇಲೆ ತಟ್ಟೆ ಹಿಡಿದು ಬಿಸಿಯೂಟದ ಸಾಲಲ್ಲಿ ನಿಂತು ನಿಂತೇ ಕೊಂಕಣಿ ಕಲಿತಳು. ಇಂಗ್ಲಿಷ್‌ಗೆ ಮಾತ್ರ ಮನೆಯಲ್ಲಿ ದಿನಾ ಅರ್ಧ ಗಂಟೆ ಕೂರಿಸಬೇಕು.

ದೂರವನ್ನು ಹಗುರವಾಗಿ ತಗೋಬೇಡಿ. ಸದಾಶಿವಗಡದಲ್ಲಿ ಮನೆ, ಪೇಟೆಯಲ್ಲಿ ಶಾಲೆ ಅಂದರೆ ದಿನಕ್ಕೆರಡು ಸಲ ಕಾಳಿ ಸೇತುವೆ ದಾಟಬೇಕು. ಜುಲೈ ಮಳೆಯಲ್ಲಿ ಒದ್ದೆ ಚೀಲ ಹೊತ್ತು ಬರುವ ಮಗುವನ್ನು ನೋಡಿದರೆ ಸಂಕಟ ಆಗುತ್ತೆ, ಅಲ್ವಾ? ಶಾಲೆ ಗೊತ್ತು ಮಾಡಿಕೊಂಡೇ ಮನೆ ಹುಡುಕಿ.

ಟಿಸಿ ತಡವಾದರೆ ಗಾಬರಿ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, 8ನೇ ತರಗತಿವರೆಗೆ ಸರ್ಕಾರಿ, ಅನುದಾನಿತ ಶಾಲೆಗಳು ಆ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸುವಂತಿಲ್ಲ.