ಶಿರಸಿಯ ಹೋಂಸ್ಟೇಗೆ ಯಾವ ಕೀವರ್ಡ್ ಟೂಲ್ ಸಾಕು?

ಶಿರಸಿ ಹತ್ತಿರ ನಮ್ಮದೊಂದು ಹೋಂಸ್ಟೇ. ಅದಕ್ಕೊಂದು ವೆಬ್‌ಸೈಟ್ ಇದೆ, ಅದರಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಮುರುಗಲು ಸಿರಪ್ಪನ್ನೂ ಮಾರುತ್ತೇವೆ. ಜನ ಗೂಗಲ್‌ನಲ್ಲಿ ಏನಂತ ಹುಡುಕುತ್ತಾರೆ ಅಂತ ಗೊತ್ತಿಲ್ಲದೆ ಪುಟ ಬರೆದರೆ ಓದುವವರು ನಮ್ಮ ನೆಂಟರಷ್ಟೇ. ಹಾಗಾಗಿ ಶಿರಸಿ ಹೋಂಸ್ಟೇ, ಯಾಣ, ಉಂಚಳ್ಳಿ ಜಲಪಾತ, ಮಾರಿಕಾಂಬಾ ಜಾತ್ರೆ, ಅಪ್ಪೆಮಿಡಿ ಅಂತ ಒಂದು ಪಟ್ಟಿ ಮಾಡಿ, ಇಂಥ ಹುಡುಕಾಟದ ಪದಗಳ (ಕೀವರ್ಡ್) ಲೆಕ್ಕ ಕೊಡುವ ಎಲ್ಲ ಟೂಲ್‌ಗೂ ಅದನ್ನೇ ಹಾಕಿ ನೋಡಿದೆ.

ಮೊದಲು ಗೂಗಲ್ ಕೀವರ್ಡ್ ಪ್ಲಾನರ್. ಗೂಗಲ್ ಆಡ್ಸ್ ಖಾತೆ ಇದ್ದರೆ ಪುಕ್ಕಟೆ. ಜಾಹೀರಾತಿಗೆ ದುಡ್ಡು ಹಾಕದವರಿಗೆ ಒಂದು ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಅನ್ನುವ ಸರಿಯಾದ ಸಂಖ್ಯೆ ಸಾಮಾನ್ಯವಾಗಿ ಸಿಗುವುದಿಲ್ಲ, 100ರಿಂದ 1,000, 1,000ದಿಂದ 10,000 ಅಂತ ಅಗಲವಾದ ಅಂದಾಜು ಬರುತ್ತದೆ. 120 ಸಲವೋ 900 ಸಲವೋ ಅಂತ ನಾವೇ ಊಹಿಸಬೇಕು. ಅದರಲ್ಲಿರುವ ‘ಕಾಂಪಿಟಿಷನ್’ ಕಾಲಂ ನೋಡಿ ಹೆದರುವವರು ಬಹಳ. ಅದು ಜಾಹೀರಾತು ಕೊಡುವವರ ಪೈಪೋಟಿ, ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬರುವ ಕಷ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆದರೂ ನನಗೆ ಇದು ಇಷ್ಟ. ಕಾರಣ, ಊರು ಮತ್ತು ರಾಜ್ಯದ ಫಿಲ್ಟರ್. ‘ಶಿರಸಿ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಇಡೀ ಭಾರತ ಅಂತ ಬಿಟ್ಟರೆ ಜೈಪುರದ ಸಿರ್ಸಿ ರೋಡ್ ಬರುತ್ತದೆ, ಉತ್ತರ ಪ್ರದೇಶದ ಸಿರ್ಸಿ ಬರುತ್ತದೆ. ದೇಶ ಬಿಟ್ಟು ಹೊರಗೆ ಹೋದರೆ ಸಿರ್ಸಿಡೈನಿಕ್ಸ್ ಅನ್ನುವ ಅಮೆರಿಕದ ಲೈಬ್ರರಿ ಸಾಫ್ಟ್‌ವೇರ್ ಕಂಪನಿಯೂ ಇದೆ! ಕರ್ನಾಟಕ, ಗೋವಾ, ಮಹಾರಾಷ್ಟ್ರ ಅಂತ ಇಟ್ಟರೆ ನಮ್ಮ ಗಿರಾಕಿಗಳ ಹತ್ತಿರದ ಲೆಕ್ಕ ಸಿಗುತ್ತದೆ.

ಅದು ಸೋಲುವುದು ಜಾತ್ರೆಯ ವಿಷಯದಲ್ಲಿ. ಪ್ಲಾನರ್ ಮೊದಲಿಗೆ ತೋರಿಸುವುದು ಹಿಂದಿನ 12 ತಿಂಗಳ ಸರಾಸರಿ. ನಮ್ಮ ಮಾರಿಕಾಂಬಾ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ನೋಡಿದರೆ ಈ ಪದ ಯಾರಿಗೂ ಬೇಡ ಅನ್ನಿಸುತ್ತದೆ. ಜಾತ್ರೆ ಹತ್ತಿರ ಬಂದಾಗ ಶಿರಸಿಯಲ್ಲಿ ರೂಮು ಸಿಗುವುದೇ ಕಷ್ಟ, ಅಲ್ವಾ? ಇಲ್ಲಿ ಗೂಗಲ್ ಟ್ರೆಂಡ್ಸ್ ಕೈಹಿಡಿಯುತ್ತದೆ. ಎಷ್ಟು ಜನ ಅಂತ ಅದು ಹೇಳುವುದಿಲ್ಲ, 0ಯಿಂದ 100ರ ಅಳತೆಯಲ್ಲಿ ಏರಿಳಿತ ಮಾತ್ರ ತೋರಿಸುತ್ತದೆ. ಆದರೆ 2004ರಿಂದ ಈಚಿನ ಲೆಕ್ಕ ಇದೆ. ಕರ್ನಾಟಕ ಅಂತ ಆರಿಸಿ ಐದಾರು ವರ್ಷದ ಗೆರೆ ನೋಡಿದರೆ ಒಂದು ವರ್ಷ ಬಿಟ್ಟು ಒಂದು ವರ್ಷ ಮಾರ್ಚ್ ಆಸುಪಾಸು ಏರುವುದು ಕಾಣುತ್ತದೆ. ಉಂಚಳ್ಳಿಯದು ಮಳೆಗಾಲದ ಏರು. ಜಾತ್ರೆಯ ಪುಟವನ್ನು ಡಿಸೆಂಬರ್‌ಗೆ ಮುಂಚೆ, ಜಲಪಾತದ್ದನ್ನು ಏಪ್ರಿಲ್‌ನಲ್ಲಿ ಹಾಕಬೇಕು ಅನ್ನುವುದು ಇದರಿಂದಲೇ ತೀರ್ಮಾನವಾಯಿತು.

ಇನ್ನು ದುಡ್ಡಿನ ಟೂಲ್‌ಗಳು: ಸೆಮ್‌ರಶ್, ಏಚ್‌ರೆಫ್ಸ್, ಊಬರ್‌ಸಜೆಸ್ಟ್. ಮೊದಲೆರಡರ ಪೂರ್ತಿ ಪ್ಲಾನ್‌ಗಳು ತಿಂಗಳಿಗೆ ನೂರು ಡಾಲರ್ ದಾಟುತ್ತವೆ. ಊಬರ್‌ಸಜೆಸ್ಟ್ ಅಗ್ಗ, ದಿನಕ್ಕೆ ಕೆಲವು ಹುಡುಕಾಟ ಪುಕ್ಕಟೆ. ಕಲಿಯುವವರಿಗೆ ಅಷ್ಟು ಸಾಕು. ಮೇಲೆ ಬರುವುದು ಎಷ್ಟು ಕಷ್ಟ ಅಂತ ಹೇಳುವ ಏಚ್‌ರೆಫ್ಸ್‌ನ ‘ಡಿಫಿಕಲ್ಟಿ’ ಅಂಕ ಮುಖ್ಯವಾಗಿ ಫಲಿತಾಂಶದಲ್ಲಿ ಮೊದಲ ಹತ್ತು ಸ್ಥಾನದಲ್ಲಿರುವ ಪುಟಗಳಿಗೆ ಎಷ್ಟು ಸೈಟ್‌ಗಳು ಲಿಂಕ್ ಕೊಟ್ಟಿವೆ ಅನ್ನುವುದರ ಮೇಲೆ ನಿಂತಿದೆ. ಹೋಂಸ್ಟೇ ಅಂತ ಹುಡುಕಿದರೆ ಗೂಗಲ್ ಎಲ್ಲಕ್ಕಿಂತ ಮೇಲೆ ಮ್ಯಾಪ್ ಇಡುತ್ತದೆ, ಕೆಳಗೆ ದೊಡ್ಡ ಬುಕಿಂಗ್ ಸೈಟ್‌ಗಳು. ಆ ಅಂಕ ಕಡಿಮೆ ಇದ್ದರೂ ನಮಗೆ ಜಾಗ ಇಲ್ಲ. ಕನ್ನಡ ಅಕ್ಷರದ ಪದಗಳಿಗಂತೂ ನಾನು ನೋಡಿದ ಪೇಯ್ಡ್ ಟೂಲೊಂದರಲ್ಲಿ ಸಾಲಾಗಿ ಸೊನ್ನೆ. ಸೊನ್ನೆ ಅಂದರೆ ಯಾರೂ ಹುಡುಕುವುದಿಲ್ಲ ಅಂತಲ್ಲ, ಟೂಲ್ ಹತ್ತಿರ ಮಾಹಿತಿ ಇಲ್ಲ ಅಂತ.

ಅದು ಗೊತ್ತಾಗಿದ್ದು ಸೈಟ್ ಇಟ್ಟವರಿಗೆ ಗೂಗಲ್ ಪುಕ್ಕಟೆ ಕೊಡುವ ಸರ್ಚ್ ಕನ್ಸೋಲ್‌ನಿಂದ. ಅಲ್ಲಿ ಬರುವುದು ಅಂದಾಜಲ್ಲ, ನಮ್ಮದೇ ಸೈಟ್ ಯಾವ ಹುಡುಕಾಟಕ್ಕೆ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು ಅನ್ನುವ ಲೆಕ್ಕ. 16 ತಿಂಗಳದ್ದು ಸಿಗುತ್ತದೆ. ತೀರಾ ಅಪರೂಪದ ಹುಡುಕಾಟಗಳನ್ನು ಮಾತ್ರ ಗೂಗಲ್ ಮರೆಮಾಡುತ್ತದೆ. ನಮ್ಮ ಯಾಣದ ಪುಟ ತೆರೆದು ಪಟ್ಟಿಯ ಕೆಳಗೆ ಹೋದರೆ ‘ಮಳೆಗಾಲದಲ್ಲಿ ಯಾಣ ಹೋಗಬಹುದಾ’, ‘ಯಾಣ ಉಂಬಳ’ ಅಂತೆಲ್ಲ ಇತ್ತು. ಉಂಬಳ, ಅಂದರೆ ಜಿಗಣೆ! ಯಾವ ಟೂಲ್ ತಾನೇ ಈ ಪದ ಸೂಚಿಸೀತು? ಉಂಬಳ ಕಚ್ಚಿದರೆ ಏನು ಮಾಡಬೇಕು, ಎಂಥ ಕಾಲುಚೀಲ ಬೇಕು ಅಂತ ಒಂದು ಪುಟ ಬರೆದೆ. ಈಗ ಮಳೆಗಾಲದ ಬುಕಿಂಗ್ ವಿಚಾರಣೆ ಜಾಸ್ತಿ ಬರುವುದು ಆ ಪುಟದಿಂದಲೇ.

ಒಂದೇ ತೊಂದರೆ: ಹೊಸ ಸೈಟ್‌ಗೆ ಕನ್ಸೋಲ್ ಏನೂ ಹೇಳುವುದಿಲ್ಲ, ಒಂದಷ್ಟು ಪುಟ ಹಾಕಿ ಕಾಯಬೇಕು. ಅಲ್ಲಿಯವರೆಗೆ ಗೂಗಲ್ ಹುಡುಕಾಟದ ಡಬ್ಬಿಯಲ್ಲಿ ಸುಮ್ನೆ ‘ಶಿರಸಿಯಿಂದ’ ಅಂತ ಟೈಪ್ ಮಾಡಿ ಕೆಳಗೆ ಬರುವ ಸಲಹೆಗಳನ್ನು ಬರೆದುಕೊಳ್ಳಿ.

ಹಾಗಾಗಿ ನನ್ನ ಆಯ್ಕೆ ಕನ್ಸೋಲ್ ಮತ್ತು ಟ್ರೆಂಡ್ಸ್, ಹೊಸ ವಿಷಯ ಹುಡುಕುವಾಗ ಪ್ಲಾನರ್. ಗೋಕರ್ಣ, ಮುರ್ಡೇಶ್ವರದಲ್ಲಿ ರೆಸಾರ್ಟ್ ಇಟ್ಟವರ ಕತೆ ಬೇರೆ. ಅಲ್ಲಿ ಎದುರಾಳಿ ಸೈಟ್ ಯಾವ ಪದದಿಂದ ಜನ ತರುತ್ತಿದೆ ಅಂತ ನೋಡಲೇಬೇಕು, ಅದಕ್ಕೆ ಸೆಮ್‌ರಶ್ ಅಥವಾ ಏಚ್‌ರೆಫ್ಸ್ ಒಳ್ಳೆಯದು. ವರ್ಷದ ಪ್ಲಾನ್ ಬೇಡ. ಒಂದು ತಿಂಗಳು ತೆಗೆದುಕೊಂಡು, ಬೇಕಾದ್ದೆಲ್ಲ ಶೀಟ್‌ಗೆ ಇಳಿಸಿಕೊಂಡು ಬಿಟ್ಟುಬಿಡಿ. ಕಾರ್ಡ್ ನಂಬರ್ ಕೊಡುವ ಮುಂಚೆ ಆಟೋ ರಿನ್ಯೂವಲ್ ಎಲ್ಲಿ ನಿಲ್ಲಿಸಬೇಕು ಅಂತ ನೋಡಿಕೊಳ್ಳಿ.