ರ‍್ಯಾಮ್ ಹಾಕಿಸೋದಾ, ಎಸ್‌ಎಸ್‌ಡಿ ಹಾಕಿಸೋದಾ? ಒಂದೇ ಥರದ ಎರಡು ಕಂಪ್ಯೂಟರಲ್ಲಿ ನೋಡಿದ್ದು

2014ರಲ್ಲಿ ನಾನೂ ನಮ್ಮ ಭಾವನೂ ಒಂದೇ ದಿನ, ಒಂದೇ ಥರದ ಎರಡು ಕಂಪ್ಯೂಟರ್ ಕೊಂಡೆವು. ಒಂದು ಹಾಸನದ ನನ್ನ ಟೈಪಿಂಗ್-ಜೆರಾಕ್ಸ್ ಅಂಗಡಿಗೆ ಬಂತು. ಇನ್ನೊಂದು ಚಿಕ್ಕಮಗಳೂರು ಕಡೆಯ ಆಲ್ದೂರಿಗೆ, ಭಾವನ ಕಾಫಿ ತೋಟದ ಲೆಕ್ಕಕ್ಕೆ ಹೋಯಿತು. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಮಾತ್ರ ಬಳಸುವ ಮೆಮೊರಿ, ಹಾರ್ಡ್ ಡಿಸ್ಕ್ ಅಂದರೆ ಫೈಲುಗಳು ಕಾಯಂ ಇರುವ ಜಾಗ. ಹತ್ತು ವರ್ಷದಲ್ಲಿ ಎರಡೂ ಒಂದೇ ರೀತಿ ಸುಸ್ತಾದವು. ಬೆಳಿಗ್ಗೆ ಆನ್ ಮಾಡಿ, ಅಂಗಡಿ ಮುಂದೆ ಗುಡಿಸಿ, ನೀರು ಹಾಕಿ, ಊದುಬತ್ತಿ ಹಚ್ಚಿ ಬಂದರೂ ಪರದೆ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು.

ರಿಪೇರಿಯವರಲ್ಲಿ ಒಬ್ಬರು ರ‍್ಯಾಮ್ ಹಾಕಿಸಿ ಎಂದರು. ಇನ್ನೊಬ್ಬರು ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕುವ ಎಸ್‌ಎಸ್‌ಡಿ ಎಂದರು. ಮೂರನೆಯವರು ಹೊಸದೇ ತಗೊಳ್ಳಿ ಎಂದರು. ಯಾರ ಮಾತು ನಂಬೋದು? 2024ರ ಮಳೆಗಾಲದಲ್ಲಿ ಭಾವ ತಮ್ಮದನ್ನು ಕಾರಿಗೆ ಹಾಕಿಕೊಂಡು ಬೇಲೂರು ದಾರಿಯಲ್ಲಿ ಹಾಸನಕ್ಕೆ ಬಂದರು. ಭಾನುವಾರ ಅಂಗಡಿ ಬಾಗಿಲು ಹಾಕಿ, ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಬಿಚ್ಚಿದೆವು. ನನ್ನದಕ್ಕೆ ರ‍್ಯಾಮ್, ಅವರದ್ದಕ್ಕೆ ಎಸ್‌ಎಸ್‌ಡಿ. ನೋಡೇಬಿಡೋಣ ಅಂತ.

ಮೊದಲ ಸಲ ಬಿಚ್ಚುವವರಿಗೆ ಒಂದು ಮಾತು. ನಾವು ಸಿಪಿಯು ಅನ್ನುವ ಆ ಇಡೀ ಡಬ್ಬ ಸಿಪಿಯು ಅಲ್ಲ, ಅದು ಕ್ಯಾಬಿನೆಟ್. ನಿಜವಾದ ಸಿಪಿಯು ಅಂದರೆ ಪ್ರೊಸೆಸರ್. ಬೆಂಕಿಪೊಟ್ಟಣದಷ್ಟಿರುವ ಅದು ಫ್ಯಾನಿನ ಕೆಳಗೆ ಅಡಗಿರುತ್ತದೆ. ಎಲ್ಲವನ್ನೂ ಹೊತ್ತು ನಿಂತ ದೊಡ್ಡ ಹಲಗೆ ಮದರ್‌ಬೋರ್ಡ್. ಅದರ ಮೇಲೆ ಉದ್ದಕ್ಕೆ ನಿಂತ ಪಟ್ಟಿ ರ‍್ಯಾಮ್. ಕೆಳಗಡೆ ಸ್ಕ್ರೂ ಹಾಕಿ ಕೂರಿಸಿದ ತೂಕದ ಪೆಟ್ಟಿಗೆ ಹಾರ್ಡ್ ಡಿಸ್ಕ್. ಮೂಲೆಯಲ್ಲಿ ವೈರಿನ ಗೊಂಚಲು ಬಿಟ್ಟುಕೊಂಡಿರೋದು ಎಸ್‌ಎಂಪಿಎಸ್, ಕರೆಂಟ್ ಹಂಚುವುದು ಅದೇ. ಅದನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಭಾವನ ಕ್ಯಾಬಿನೆಟ್ಟಿನಲ್ಲಿ ಎಸ್‌ಎಂಪಿಎಸ್ ಪಕ್ಕದ ಬೆಚ್ಚನೆ ಜಾಗದಲ್ಲಿ ಹಲ್ಲಿ ಮೊಟ್ಟೆಯ ಎರಡು ಚಿಪ್ಪುಗಳಿದ್ದವು. ಪ್ರೊಸೆಸರ್ ಫ್ಯಾನಿಗೆ ಧೂಳು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು. ಎರಡಕ್ಕೂ ಬ್ರಷ್ ಹಾಕಿದ ಮೇಲೇ ಪರೀಕ್ಷೆ ಶುರು ಮಾಡಿದ್ದು.

ರ‍್ಯಾಮ್ ಹಾಕೋದು ಸುಲಭ ಅಂದುಕೊಂಡಿದ್ದೆ. ಆದರೆ ಅಂಗಡಿಯಲ್ಲಿ ನನಗೆ ಡಿಡಿಆರ್4 ಕಟ್ಟಿ ಕಳಿಸಿದ್ದರು. ನಮ್ಮ ಬೋರ್ಡಿಗೆ ಬೇಕಾದದ್ದು ಅದಕ್ಕಿಂತ ಹಿಂದಿನ ತಲೆಮಾರಿನ ಡಿಡಿಆರ್3. ನೋಡಲು ಎರಡೂ ಒಂದೇ ಥರ, ಆದರೆ ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಒತ್ತಿದರೂ ಕೂರಲ್ಲ, ಒತ್ತಲೂಬಾರದು. ವಾಪಸ್ ಹೋಗಿ 600 ರೂಪಾಯಿಗೆ ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 ತಂದೆ. ಹಾಕಿ ಆನ್ ಮಾಡಿದರೆ ಬರೀ ಬೀಪ್ ಬೀಪ್. ಹೊರಗೆ ತೆಗೆದು, ಬಂಗಾರದ ಬಣ್ಣದ ಹಲ್ಲುಗಳನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ರಬ್ಬರ್ ಕಪ್ಪಾಯಿತು. ಆಮೇಲೆ ಎರಡು ತುದಿಯ ಕ್ಲಿಪ್ಪೂ 'ಟಕ್' ಅನ್ನುವವರೆಗೆ ಒತ್ತಿದೆ. ಈ ಸಲ ಸದ್ದಿಲ್ಲದೆ ಆನ್ ಆಯಿತು.

ಎಸ್‌ಎಸ್‌ಡಿಗೆ ಕೊಟ್ಟಿದ್ದು 1,650 ರೂಪಾಯಿ. 240 ಜಿಬಿಯದು, ಎರಡೂವರೆ ಇಂಚಿನ ಸಾಟಾ, ಅಂದರೆ ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಸೇರುವಂಥದ್ದು. ಹಳೇ ಬೋರ್ಡಿಗೆ ಇದನ್ನೇ ಕೇಳಿ ತನ್ನಿ. ಚೂಯಿಂಗ್ ಗಮ್ ಪಟ್ಟಿ ಥರದ ಇನ್ನೊಂದು ಬಗೆಯ ಎಸ್‌ಎಸ್‌ಡಿ, ಅಂದರೆ ಎನ್‌ವಿಎಂಇ ಕೂರಿಸಲು ನಮ್ಮದರಲ್ಲಿ ಜಾಗವೇ ಇಲ್ಲ. ಹೊಸದಾಗಿ ವಿಂಡೋಸ್ ಹಾಕಿದರೆ ವೇಗ ಅದರಿಂದ ಬಂತೋ ಎಸ್‌ಎಸ್‌ಡಿಯಿಂದ ಬಂತೋ ಗೊತ್ತಾಗಲ್ಲ, ಅಲ್ವಾ? ಅದಕ್ಕೆ 240 ಜಿಬಿಯಲ್ಲಿ ಹಿಡಿಸಲೆಂದು ಫೋಟೋಗಳನ್ನು ಬೇರೆ ಕಡೆ ಹಾಕಿ, ಉಳಿದದ್ದನ್ನು ಕ್ಲೋನ್ ಮಾಡಿದೆವು, ಅಂದರೆ ಇದ್ದ ಹಾಗೇ ನಕಲು ಮಾಡಿದೆವು.

ಆಮೇಲೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತೆವು. ಮುಂಚೆ ಎರಡೂ ಆನ್ ಆಗಿ ಕೆಲಸಕ್ಕೆ ಬರಲು ಹತ್ತಿರ ಹತ್ತಿರ ನಾಲ್ಕು ನಿಮಿಷ ಬೇಕಿತ್ತು. 8 ಜಿಬಿ ರ‍್ಯಾಮ್ ಆದ ನನ್ನದು 3 ನಿಮಿಷ 20 ಸೆಕೆಂಡ್ ತೆಗೆದುಕೊಂಡಿತು. ಎಸ್‌ಎಸ್‌ಡಿ ಹಾಕಿದ ಭಾವನದು 32 ಸೆಕೆಂಡ್. ಭಾವ ನಂಬದೆ ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿಸಿದರು.

ಕಾರಣ ಇದು. ನಮ್ಮ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡ್. ಕಡ್ಡಿಯಂಥ ತೋಳೊಂದು ಬೇಕಾದ ಜಾಗಕ್ಕೆ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ವಿಂಡೋಸ್ ಏಳುವಾಗ ಓದುವುದು ಸಾವಿರಾರು ಸಣ್ಣ ಸಣ್ಣ ಫೈಲು. ಪ್ರತಿಯೊಂದಕ್ಕೂ ಈ ಕಾಯುವಿಕೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲ ಚಿಪ್‌ಗಳು. ರ‍್ಯಾಮ್ ಎಷ್ಟೇ ದೊಡ್ಡದಿರಲಿ, ಕರೆಂಟ್ ಹೋದ ತಕ್ಷಣ ಖಾಲಿ. ಮಾರನೇ ದಿನ ಮತ್ತೆ ಡಿಸ್ಕಿನಿಂದಲೇ ತುಂಬಬೇಕು. ಇದನ್ನು ಹೇಳಿದಾಗ ಭಾವ ತೋಟದ ಲೆಕ್ಕದಲ್ಲೇ ಅರ್ಥ ಮಾಡಿಕೊಂಡರು. "ಕಣ ದೊಡ್ಡದು ಮಾಡಿ ಏನು ಬಂತಪ್ಪಾ, ಗೋದಾಮಿಂದ ಮೂಟೆ ಹೊರೋನೇ ನಿಧಾನ ಇದ್ರೆ?" ಎಂದರು.

ಹಾಗಂತ ರ‍್ಯಾಮ್ ದುಡ್ಡು ದಂಡ ಆಗಲಿಲ್ಲ. ಮಧ್ಯಾಹ್ನ ಅಂಗಡಿಯ ನಿಜವಾದ ಕೆಲಸ ಕೊಟ್ಟು ನೋಡಿದೆ. ಬ್ರೌಸರಲ್ಲಿ ಹತ್ತು ಪುಟ, ಸ್ಕ್ಯಾನ್ ಮಾಡಿದ ಪಿಡಿಎಫ್, ಜೊತೆಗೆ ನುಡಿ ತಂತ್ರಾಂಶದಲ್ಲಿ ಟೈಪಿಂಗ್. ಭಾವನದರಲ್ಲಿ ಎಲ್ಲ ಪಟಪಟ ತೆರೆಯಿತು. ಆದರೆ ಸ್ಕಾಲರ್‌ಶಿಪ್ ಅರ್ಜಿಯ ಪುಟ ಬಿಟ್ಟು ಬೇರೆ ಕಡೆ ಹೋಗಿ ಬಂದರೆ ಆ ಪುಟ ಮತ್ತೆ ಮೊದಲಿಂದ ಲೋಡ್ ಆಯಿತು. ತುಂಬಿದ್ದೆಲ್ಲ ಹೋಯಿತು. ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ಹೇಳುವ ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ, ಅಂದರೆ ರ‍್ಯಾಮ್, 92% ತೋರಿಸುತ್ತಿತ್ತು. ನನ್ನದರಲ್ಲಿ ಪುಟಗಳು ನಿಧಾನವಾಗಿ ತೆರೆದರೂ ಒಮ್ಮೆ ತೆರೆದದ್ದು ಹಾಗೇ ಉಳಿಯಿತು. ಮುಂದೆ ಗಿರಾಕಿ ನಿಂತಿರುವಾಗ ಇದು ಸಣ್ಣ ವಿಷಯ ಅಲ್ಲ.

ನಿಮ್ಮದಕ್ಕೆ ಯಾವುದು ಬೇಕು ಅಂತ ತಿಳಿಯಲು ಅದೇ ಟಾಸ್ಕ್ ಮ್ಯಾನೇಜರ್ ಸಾಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಕಂಪ್ಯೂಟರ್ ತೆವಳುವಾಗ ಡಿಸ್ಕ್ 100% ಇದ್ದು ಮೆಮೊರಿ ಅರ್ಧ ಖಾಲಿ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ಮೆಮೊರಿಯೇ 90% ದಾಟಿದ್ದರೆ ರ‍್ಯಾಮ್ ಕೂಡ ಬೇಕು. ಒಂದಕ್ಕೇ ದುಡ್ಡಿದ್ದರೆ ನಾನು ಮೊದಲು ಹಾಕಿಸೋದು ಎಸ್‌ಎಸ್‌ಡಿಯನ್ನೇ.

ಒಂದು ಭಯ ಮಾತ್ರ ಇದೆ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಸುಮ್ನೆ ಕಾಣದಂತಾಗಬಹುದು. ಆಲ್ದೂರಿನ ಮಳೆಗೆ ಕರೆಂಟ್ ಹೋಗಿ ಬರೋದು ಬೇರೆ ಜಾಸ್ತಿ. ಅದಕ್ಕೆ ಭಾವನ ಹಳೇ ಹಾರ್ಡ್ ಡಿಸ್ಕನ್ನು ಎಸೆಯದೆ ಎರಡನೇ ಡ್ರೈವ್ ಮಾಡಿ ಒಳಗೇ ಬಿಟ್ಟೆ. ವಾರಕ್ಕೊಮ್ಮೆ ತೋಟದ ಲೆಕ್ಕ ಅದಕ್ಕೆ, ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ. ಯುಪಿಎಸ್ ಬ್ಯಾಟರಿಯನ್ನೂ ಬದಲಿಸಿದೆವು.

ಹೊರಡುವಾಗ ಭಾವ "ಪ್ರೊಸೆಸರನ್ನೂ ಬದಲಿಸಿಬಿಡೋಣ್ವಾ?" ಎಂದರು. ಬೇಡ ಭಾವ, ಈ ಬೋರ್ಡಿಗೆ ಇನ್ನು ಜಾಸ್ತಿ ಸುರಿಯಬೇಡಿ ಎಂದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಮ್ಮ ಕಾಲದ ಪ್ರೊಸೆಸರ್‌ಗಳು ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಲ್ಲ. ಆ ಭಾನುವಾರದ ನಂತರ ನನ್ನದಕ್ಕೂ ಒಂದು ಎಸ್‌ಎಸ್‌ಡಿ ಹಾಕಿಕೊಂಡೆ. ಈಗ ಹೊಸ ಕಂಪ್ಯೂಟರಿಗೆ ದುಡ್ಡು ಕೂಡಿಡುತ್ತಿದ್ದೇನೆ. ಅದು ಬಂದಾಗ ಈ ಎಸ್‌ಎಸ್‌ಡಿಯನ್ನು ಬಿಚ್ಚಿ ಅದರಲ್ಲಿ ಕೂರಿಸಬಹುದು. ರಬ್ಬರ್ ಹಾಕಿ ಉಜ್ಜಿದ ಡಿಡಿಆರ್3 ಪಟ್ಟಿ ಅದಕ್ಕೆ ಕೂರುವುದಿಲ್ಲ.